ಮಿಸ್ ಲವಾನ್ ಹೇಳಿದ ಮಾತು

ಎಂಬತ್ತೆರಡನೆಯ ವಯಸ್ಸಿನಲ್ಲಿ ಲವಾನ್ ಸ್ಟ್ರಿಕ್ಲರ್ ಆರು ಮುಸುರೆ ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಸನ್ಮಾನಕ್ಕೆ ಹೊರಟಿದ್ದಳು. ತಟ್ಟೆಗಳಿಗೆ ಮೊಟ್ಟೆಯ ಹಳದಿ ಬಳಿದು ಎರಡು ದಿನ ಒಣಗಿಸಿದ್ದಳು. ಅದೀಗ ಉಗುರಿನಿಂದ ಕೆರೆದರೂ ಏಳದ ಹಾಗೆ ಕಚ್ಚಿಕೊಂಡಿತ್ತು. ಕಾರು ಓಡಿಸುತ್ತಿದ್ದ ತಮ್ಮನ ಮಗಳು ಟ್ವೈಲಾ, ಒಂದು ಚಮಚವನ್ನೂ ಸಿಂಕಿನಲ್ಲಿ ಬಿಟ್ಟು ಮಲಗದ ಆಂಟಿಗೆ ಇದೇನು ಬಂತಪ್ಪ ಎಂದು ತಮ್ಮೂರು ವಾಪಕನೆಟದಿಂದ ಸನ್ಮಾನದ ಊರು ಗ್ರೀನ್‌ವಿಲ್‌ವರೆಗೆ ಮೂರು ಸಲ ಕೇಳಿದಳು. ಹಳೆಯ ಪ್ರದರ್ಶನವನ್ನು ಅವತ್ತಿನ ಹಾಗೆಯೇ ಮಾಡಿ ತೋರಿಸಬೇಕಂತೆ ಎಂದಳು ಲವಾನ್. ಅದು ಅರ್ಧ ನಿಜ. ಉಳಿದರ್ಧವನ್ನು ಅವಳು ಅರವತ್ತು ವರ್ಷದಿಂದ ಯಾರಿಗೂ ಹೇಳಿರಲಿಲ್ಲ.

ಇಪ್ಪತ್ತೆರಡರ ಹರೆಯದಲ್ಲಿ ಅವಳು ಮಾರ್ನಿಂಗ್‌ಡೇಲ್ ಡಿಶ್‌ವಾಷರ್ ಕಂಪನಿಯ 'ಮಿಸ್ ಲವಾನ್' ಆಗಿದ್ದಳು. ಹಸಿರು ಏಪ್ರನ್ ತೊಟ್ಟು ಡೇಟನ್ ಪಟ್ಟಣದ ದೊಡ್ಡ ಅಂಗಡಿಯ ನಾಲ್ಕನೆಯ ಮಹಡಿಯಲ್ಲಿ ನಿಲ್ಲುತ್ತಿದ್ದಳು. ಗಾಜಿನ ಮುಚ್ಚಳದ ಯಂತ್ರದೊಳಗೆ ಮೊಟ್ಟೆ ಒಣಗಿದ ತಟ್ಟೆಗಳನ್ನಿಟ್ಟು, ಗುಂಡಿ ಒತ್ತಿ, ನೆರೆದ ಹೆಂಗಸರಿಗೆ ನಗುನಗುತ್ತ ಹೇಳುತ್ತಿದ್ದಳು: ಇನ್ನು ನಿಮಗಿಲ್ಲಿ ಕೆಲಸವಿಲ್ಲ, ಹೊರಗೆ ಬಿಸಿಲು ಚೆನ್ನಾಗಿದೆ, ಹೊರಡಿ. ನಲವತ್ತು ನಿಮಿಷದ ಮೇಲೆ ಮುಚ್ಚಳ ತೆಗೆದರೆ ತಟ್ಟೆಯಲ್ಲಿ ಮುಖ ಕಾಣುತ್ತಿತ್ತು. ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದರು, ಗಂಡಂದಿರು ಜೇಬಿಗೆ ಕೈ ಹಾಕುತ್ತಿದ್ದರು. ಆದರೆ ಆ ತಟ್ಟೆಗಳ ಮೇಲೆ ಮೊಟ್ಟೆ ಎಂಬುದು ಇರುತ್ತಲೇ ಇರಲಿಲ್ಲ. ಹಾಟ್‌ಡಾಗಿಗೆ ಹಚ್ಚುವ ಹಳದಿ ಸಾಸಿವೆ ಗೊಜ್ಜಿಗೆ ಚೂರು ಕಾರ್ನ್‌ಫ್ಲೋರ್ ಕಲಸಿ ಬಳಿಯುವುದನ್ನು ಅವಳ ಮೇಲಧಿಕಾರಿ ಹೇಳಿಕೊಟ್ಟಿದ್ದ. ನೀರು ಸೋಕಿದರೆ ಸಾಕು, ಅದು ಬಿಟ್ಟುಕೊಳ್ಳುತ್ತಿತ್ತು.

ನಾಲ್ಕು ವರ್ಷ ಹೀಗೆ ನಡೆಯಿತು. ಆಮೇಲೆ ಅವಳು ಶಾಲೆಯೊಂದರ ಅಡುಗೆಮನೆ ಸೇರಿದಳು, ಅಲ್ಲಿಂದಲೇ ನಿವೃತ್ತಳಾದಳು. ಕಂಪನಿಯೂ ಮುಚ್ಚಿತು, ಮೇಲಧಿಕಾರಿಯೂ ಸತ್ತ. ಉಳಿದವಳು ಇವಳೊಬ್ಬಳೇ. ಚರ್ಚಿನಲ್ಲಿ ಸುಳ್ಳುಸಾಕ್ಷಿಯ ಮಾತು ಬಂದಾಗಲೆಲ್ಲ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಇಷ್ಟು ಸಣ್ಣ ಸುಳ್ಳಿಗೆ ಇಷ್ಟು ವರ್ಷವೇ ಎಂದು ನೀವು ಕೇಳಬಹುದು. ಸುಳ್ಳು ಸಣ್ಣದೋ ದೊಡ್ಡದೋ ಎಂಬುದು ಹೊತ್ತವರಿಗೆ ಮಾತ್ರ ಗೊತ್ತು.

ಹಾಗಿರುವಾಗ ಗೇಲನ್ ಹೋಸ್ಟೆಟರ್ ಎಂಬವನ ಕಾಗದ ಬಂತು. ಹಳೆಯ ಡಿಶ್‌ವಾಷರುಗಳನ್ನು ಹುಡುಕಿ ತಂದು ಜೀವ ತುಂಬುವವರ ಬಳಗವೊಂದಿದೆ, ವರ್ಷಕ್ಕೊಮ್ಮೆ ಜೂನಿನಲ್ಲಿ ನಮ್ಮ ಮನೆಯ ನೆಲಮಾಳಿಗೆಯಲ್ಲಿ ಸೇರುತ್ತೇವೆ, ತಾವು ಬದುಕಿದ್ದೀರಿ ಎಂದು ತಿಳಿದು ನಮಗೆ ನಿದ್ದೆಯೇ ಬರುತ್ತಿಲ್ಲ ಎಂದು ಬರೆದಿದ್ದ. ಲವಾನ್ ಕಾಗದವನ್ನು ಎರಡು ಸಲ ಓದಿ, ಅಂಗಡಿಗೆ ಹೋಗಿ ಒಂದು ಡಜನ್ ಮೊಟ್ಟೆ ತಂದಳು. ಸಾಯುವ ಮೊದಲು ಒಂದು ಸಲ ನಿಜವಾದ ಮೊಟ್ಟೆ ಹಚ್ಚುವುದು, ಅದು ಹೋಗದಿರುವುದನ್ನು ಎಲ್ಲರೂ ನೋಡುವುದು, ಆಗ ಬಾಯಿಬಿಟ್ಟು ಹೇಳಿಬಿಡುವುದು, ಇನ್ನು ಒಂದೇ ಒಂದು ಸುಳ್ಳೂ ಇಲ್ಲದೆ ಮನೆಗೆ ಬರುವುದು. ಇದು ಅವಳ ನಿರ್ಧಾರ.

ನೆಲಮಾಳಿಗೆಯಲ್ಲಿ ಗೋಡೆಯುದ್ದಕ್ಕೂ ಇಪ್ಪತ್ತಮೂರು ಯಂತ್ರಗಳು ನಿಂತಿದ್ದವು. ಗುಲಾಬಿ, ತಿಳಿನೀಲಿ, ಬೆಣ್ಣೆ ಬಣ್ಣ. ನಡುವೆ ಮಡಚುವ ಕುರ್ಚಿಗಳಲ್ಲಿ ಹದಿನೈದಿಪ್ಪತ್ತು ಜನ. ಕಣ್ಣು ಮುಚ್ಚಿ ಸದ್ದು ಕೇಳಿಯೇ ಇದು ಯಾವ ವರ್ಷದ ಪಂಪು ಎಂದು ಹೇಳಬಲ್ಲವರು. ಮುಸುರೆ ಪಾತ್ರೆಗಳನ್ನು ತೊಳೆಯದೆ ಮಡಿಲಲ್ಲಿ ಕಾಪಾಡಿಕೊಂಡು ಇಂಡಿಯಾನಾದಿಂದ, ಮಿಷಿಗನ್‌ನಿಂದ ಬಂದವರು. ಇಂಥವರನ್ನು ನೋಡಿ ನಗುವವರಿದ್ದಾರೆ, ನಗಲಿ. ಅಮ್ಮನ ಅಡುಗೆಮನೆಯ ಸದ್ದು ಇನ್ನೊಮ್ಮೆ ಕೇಳಿದರೆ ಸಾಕು ಎಂದು ಎಂಟು ಗಂಟೆ ಕಾರು ಓಡಿಸುವವರ ಮೇಲೆ ನನಗಂತೂ ಗೌರವವೇ.

ಗೇಲನ್‌ಗೆ ಅರವತ್ತೆಂಟು. ಶಾಲಾ ಬಸ್ಸುಗಳ ಮೆಕ್ಯಾನಿಕ್ ಆಗಿದ್ದವನು. ಬಾಗಿಲು ತುಂಬುವಷ್ಟು ದಪ್ಪ. ಲವಾನಳ ಕೈಯನ್ನು ಮೆತ್ತಗೆ ಹಿಡಿದು ಮೆಟ್ಟಿಲಿಳಿಸಿ, ಕುರ್ಚಿಯಲ್ಲಿದ್ದ ತನ್ನ ಅಮ್ಮ ವೆಲ್ಮಾಳ ಪರಿಚಯ ಮಾಡಿಸಿದ. ತೊಂಬತ್ತೊಂದರ ವೆಲ್ಮಾ ಬೇಸಗೆಯಲ್ಲೂ ಸ್ವೆಟರ್ ಹಾಕಿಕೊಂಡು, ಪಕ್ಕದ ಕುರ್ಚಿಯ ಮೇಲೆ ತನ್ನ ಚೀಲ ಇಟ್ಟುಕೊಂಡು ಕೂತಿದ್ದಳು. ನಾಲ್ಕನೆಯ ಮಹಡಿಯಲ್ಲಿ ಲವಾನಳ ಪ್ರದರ್ಶನ ನೋಡಿಯೇ ಅವಳು ಗಂಡನ ಹತ್ತಿರ ಯಂತ್ರ ಕೊಡಿಸಿಕೊಂಡಿದ್ದಂತೆ. ತಲೆಯಾಡಿಸಿ, ಚೆನ್ನಾಗಿದ್ದೀರಾ ಎಂದಷ್ಟೇ ಕೇಳಿದಳು.

ಆ ಯಂತ್ರವೇ ನೆಲಮಾಳಿಗೆಯ ನಡುವೆ ನಿಂತಿತ್ತು. ಕೆಳಗೆ ಚಕ್ರ, ಮೇಲೆ ಮುಚ್ಚಳ, ಕೊಳಾಯಿಗೆ ಸಿಕ್ಕಿಸುವ ಉದ್ದನೆಯ ಪೈಪು. ಕೂಟಕ್ಕೆಂದು ಗೇಲನ್ ಅದಕ್ಕೆ ಗಾಜಿನ ಮುಚ್ಚಳ ಹಾಕಿಸಿದ್ದ. ಅದರ ಪಕ್ಕದ ಮೇಜಿನ ಮೇಲೆ ನಾಲ್ಕು ಹಳೆಯ ಪಂಪುಗಳನ್ನು ಸಾಲಾಗಿ ಇಟ್ಟಿದ್ದ.

"ಇವೆಲ್ಲ ನಾನು ಹಾಕಿ ತೆಗೆದದ್ದು ಮಿಸ್ ಲವಾನ್," ಎಂದ. "ಮೂವತ್ತು ವರ್ಷ ಆಯ್ತು. ಅಮ್ಮ ಓಡಿಸೋವಾಗ ಮೊಟ್ಟೆ ಹೋಗ್ತಿತ್ತು, ನಾನು ಕಣ್ಣಾರೆ ನೋಡಿದೀನಿ. ನನ್ನ ಕೈಗೆ ಬಂದ್ಮೇಲೆ ಒಂದ್ಸಲನೂ ಹೋಗಿಲ್ಲ. ನಾನೆಲ್ಲಿ ತಪ್ತಿದೀನೋ ನೀವೇ ನೋಡಿ ಹೇಳ್ಬೇಕು."

ನೀರಿನ ಬಿಸಿ ಅಳೆದದ್ದು, ನೀರು ಚಿಮ್ಮುವ ರೆಕ್ಕೆಗಳನ್ನು ಹೊಸದಾಗಿ ಎರಕ ಹೊಯ್ಯಿಸಿದ್ದು, ಹೆಂಡತಿಯೊಡನೆ ಹೋಗಬೇಕಿದ್ದ ಎರಡು ಪ್ರವಾಸಗಳು ಇದಕ್ಕೇ ಬಲಿಯಾದದ್ದು ಎಲ್ಲವನ್ನೂ ಅವನು ಹೇಳಿದ. ಲವಾನ್ ಆ ನಾಲ್ಕು ಪಂಪುಗಳನ್ನು ಒಂದೊಂದಾಗಿ ನೋಡಿದಳು. ತಾನು ಮೋಸ ಮಾಡಿದ್ದು ಹೆಸರು ಮುಖ ಗೊತ್ತಿಲ್ಲದ ಗಿರಾಕಿಗಳಿಗೆ ಎಂದುಕೊಂಡಿದ್ದಳು. ಇಲ್ಲೊಬ್ಬ ತನ್ನ ಅರ್ಧ ಆಯುಷ್ಯವನ್ನು ಆ ಸಾಸಿವೆಯ ಬೆನ್ನು ಹತ್ತಿ ಕಳೆದಿದ್ದ. ಆಗಲೇ ಹೇಳಿಬಿಡಬೇಕಿತ್ತು. ಅದರ ಬದಲು ಮುಚ್ಚಳ ಎತ್ತಿದಳು. ತಟ್ಟೆಗಳನ್ನು ಜೋಡಿಸಿದಳು, ಗುಂಡಿ ಒತ್ತಿದಳು. ಒಳಗೆ ನೀರು ಭೋರ್ಗರೆಯಿತು, ಗಾಜು ಮಬ್ಬಾಯಿತು, ಎಲ್ಲರೂ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು.

ಯಂತ್ರ ನಿಲ್ಲುವವರೆಗೆ ಯಾರೂ ಏಳುವಂತಿಲ್ಲ ಎಂಬುದು ಬಳಗದ ಒಂದೇ ಒಂದು ನಿಯಮ. ಈ ನಿಯಮವೂ ನಿಮ್ಮದೇ ಎಂದು ಗೇಲನ್ ಹೆಮ್ಮೆಯಿಂದ ಹೇಳಿದ. ರಾತ್ರಿಯ ಊಟವಾದ ಮೇಲೆ ಅಮ್ಮ ಯಂತ್ರಕ್ಕೆ ಪಾತ್ರೆ ಹಾಕಿ, ಒಂದು ಕುರ್ಚಿಯಲ್ಲಿ ಕೂತು, ಇನ್ನೊಂದರ ಮೇಲೆ ಕಾಲು ಚಾಚಿ, ಕಾಫಿ ಹಿಡಿದುಕೊಂಡು ಅದು ನಿಲ್ಲುವವರೆಗೆ ಕಾಯುತ್ತಿದ್ದಳಂತೆ. ಕೊಳಾಯಿಯ ಪೈಪು ಕಳಚಿಕೊಂಡರೆ ಮನೆಯೆಲ್ಲ ನೀರಾಗುತ್ತದೆ, ಒಬ್ಬರು ಪಕ್ಕದಲ್ಲಿ ಕೂತಿರಲೇಬೇಕು, ಮಿಸ್ ಲವಾನ್ ಹೇಳಿದ್ದಾಳೆ ಎನ್ನುತ್ತಿದ್ದಳಂತೆ. ಐವರು ಮಕ್ಕಳು. ಮೊಣಕಾಲು ತರಚಿಕೊಂಡು ಬಂದವರೂ ಅಡುಗೆಮನೆಯ ಬಾಗಿಲಲ್ಲೇ ನಿಂತು ಕಾಯುತ್ತಿದ್ದರು. ಕೂಗಿದರೆ ಹೆಂಡತಿ ಓಡಿ ಬರಬೇಕು ಎನ್ನುವ ಅಪ್ಪನೂ ಆ ನಲವತ್ತು ನಿಮಿಷ ತನ್ನ ಕಾಲುಚೀಲವನ್ನು ತಾನೇ ಹುಡುಕಿಕೊಳ್ಳುತ್ತಿದ್ದ.

"ಅಪ್ಪ ರೇಗಿಸೋರು, ಸೋಮಾರಿತನಕ್ಕೆ ಒಂದು ನೆಪ ಅಂತ," ಎಂದ ಗೇಲನ್. "ನಾನು ಅಮ್ಮನ ಪರ ಜಗಳ ಆಡ್ತಿದ್ದೆ. ಸುಮ್ನೆ ಕೂತ್ಕೊಳ್ಳೋಕೆ ನಮ್ಮನ್ನ ಬಾಗಿಲಲ್ಲಿ ನಿಲ್ಸೋ ಹೆಂಗಸಲ್ಲ ನಮ್ಮಮ್ಮ."

ಲವಾನ್ ತಬ್ಬಿಬ್ಬಾದಳು. ಅಂಥ ಮಾತನ್ನು ಅವಳು ಎಂದೂ ಆಡಿರಲಿಲ್ಲ. ಹೊರಡಿ, ಬಿಸಿಲಿಗೆ ಹೋಗಿ ಎಂದೇ ಹೇಳುತ್ತಿದ್ದದ್ದು. ವೆಲ್ಮಾಳ ಕಡೆ ನೋಡಿದಳು. ವೆಲ್ಮಾ ಚಾವಣಿಯ ಕೊಳವೆಗಳನ್ನು ನೋಡುತ್ತಿದ್ದಳು. ವಯಸ್ಸಾಯಿತು, ಯಾರೋ ಹೇಳಿದ್ದನ್ನು ನನ್ನ ಹೆಸರಿಗೆ ಹಚ್ಚಿದ್ದಾಳೆ ಎಂದುಕೊಂಡು ಲವಾನ್ ಅದನ್ನು ಅಲ್ಲಿಗೇ ಬಿಟ್ಟಳು. ಅವಳಿಗೆ ಅವಳದೇ ಹೊರೆ ಸಾಕಾಗಿತ್ತು.

ಯಂತ್ರ ನಿಂತಿತು. ಗೇಲನ್ ಮುಚ್ಚಳ ತೆಗೆದ. ಆವಿ ಸರಿದ ಮೇಲೆ ನೋಡಿದರೆ ಆರು ತಟ್ಟೆಗಳಲ್ಲೂ ಹಳದಿ ಇದ್ದ ಹಾಗೇ ಇತ್ತು, ಬರೀ ಸ್ವಲ್ಪ ಹೊಳಪು ಬಂದಿತ್ತು.

ಗೇಲನ್‌ನ ಮುಖ ಕೆಂಪಾಯಿತು. ಅವನು ಲವಾನಳ ಕಡೆ ತಿರುಗಿ ಕ್ಷಮೆ ಕೇಳತೊಡಗಿದ. ಇಷ್ಟು ದೂರ ಕರೆಸಿ ಇಷ್ಟು ಜನರೆದುರು ನಿಮಗೆ ಅವಮಾನ ಮಾಡಿದೆ, ಪಂಪು ಇನ್ನೂ ಸರಿಯಿಲ್ಲ, ಬರುವ ವರ್ಷ ಖಂಡಿತ ಸರಿಮಾಡುತ್ತೇನೆ ಎಂದು ತೊದಲುತ್ತಲೇ ಇದ್ದ. ಲವಾನಳಿಗೆ ಅದನ್ನು ಕೇಳಿಕೊಂಡು ನಿಲ್ಲಲು ಆಗಲಿಲ್ಲ.

"ನೀನು ಕ್ಷಮೆ ಕೇಳ್ಬೇಡಪ್ಪ," ಎಂದಳು. "ಮಷೀನು ಸರಿಯಾಗೇ ಇದೆ. ನೀನು ಮೊದಲನೇ ದಿನ ರಿಪೇರಿ ಮಾಡಿದಾಗ್ಲೇ ಸರಿಯಾಗಿತ್ತು. ಮೊಟ್ಟೆ ಅವತ್ತೂ ಹೋಗ್ತಿರ್ಲಿಲ್ಲ. ಅಂಗಡೀಲಿ ನಾನು ಹಚ್ತಿದ್ದದ್ದು ಸಾಸಿವೆ."

ಹೇಗೆ ಕಲಸುತ್ತಿದ್ದಳು, ಯಾರು ಹೇಳಿಕೊಟ್ಟರು, ತಾನೇಕೆ ಒಪ್ಪಿಕೊಂಡಳು ಎಲ್ಲವನ್ನೂ ಹೇಳಿದಳು. ಸಂಬಳ ಚೆನ್ನಾಗಿತ್ತು, ಏಪ್ರನ್ ತೊಟ್ಟು ನಿಂತರೆ ಜನ ನೋಡುತ್ತಿದ್ದರು, ಅಷ್ಟೇ. ಟ್ವೈಲಾ ಬಾಯಿಗೆ ಕೈ ಅಡ್ಡ ಹಿಡಿದಳು. ಇಂಡಿಯಾನಾದಿಂದ ಬಂದಿದ್ದ ಒಬ್ಬ ಮಾತ್ರ ಕಿಸೆಯಿಂದ ಪುಸ್ತಕ ತೆಗೆದು, ಸಾಸಿವೆಗೆ ಕಾರ್ನ್‌ಫ್ಲೋರ್ ಎಷ್ಟು ಪಾಲು ಎಂದು ಕೇಳಿದ. ಅದಕ್ಕೆ ಎಲ್ಲರೂ ನಕ್ಕುಬಿಟ್ಟರು. ಆ ನಗುವಿನಲ್ಲಿ ಕೋಪವಿರಲಿಲ್ಲ. ಅವರಲ್ಲಿ ಎಷ್ಟೋ ಜನ ತಮ್ಮ ತಮ್ಮ ನೆಲಮಾಳಿಗೆಗಳಲ್ಲಿ ಅದೇ ಮೊಟ್ಟೆಯೊಡನೆ ಗುದ್ದಾಡಿ, ತಮ್ಮ ಕೈಗುಣವೇ ಸರಿಯಿಲ್ಲ ಎಂದು ಬೈದುಕೊಂಡವರು.

ಗೇಲನ್ ನಗಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತ. "ನಮ್ಮನೇಲಿ ಹೋಗ್ತಿತ್ತಲ್ಲ," ಎಂದ.

"ನಾನು ಮೊದ್ಲೇ ಉಜ್ಜಿ ಹಾಕ್ತಿದ್ದೆ ಕಣೋ," ಎಂದಳು ವೆಲ್ಮಾ ಕುರ್ಚಿಯಿಂದ. "ಸ್ಟೀಲ್ ನಾರಲ್ಲಿ. ಮೊದಲ್ನೇ ವಾರವೇ ಗೊತ್ತಾಯ್ತು."

ಮತ್ತೆ ನಗು. ಹಾಗಾದರೆ ಆ ಯಂತ್ರವನ್ನು ಯಾಕೆ ಇಟ್ಟುಕೊಂಡಿರಿ, ಅಂಗಡಿಗೆ ಯಾಕೆ ವಾಪಸ್ ಕಳಿಸಲಿಲ್ಲ ಎಂದು ಯಾರೋ ಕೇಳಿದರು. ವೆಲ್ಮಾ ಮತ್ತೆ ಚಾವಣಿಯ ಕೊಳವೆಗಳ ಕಡೆ ಕಣ್ಣು ತಿರುಗಿಸಿದಳು. ಗೇಲನ್ ಅಮ್ಮನನ್ನೇ ನೋಡುತ್ತಿದ್ದ. ಮೂವತ್ತು ವರ್ಷ ಹೋದದ್ದು ಅವನಿಗೆ ದೊಡ್ಡದಾಗಿ ಕಾಣಲಿಲ್ಲವೋ ಏನೋ. ಅದಕ್ಕಿಂತ ಹಳೆಯದೊಂದು ಅವನ ಒಳಗೆ ಅಲುಗಾಡತೊಡಗಿತ್ತು. ಅವನು ನಿಧಾನವಾಗಿ ಲವಾನಳ ಕಡೆ ತಿರುಗಿದ.

"ಹಾಗಾದ್ರೆ ಪಕ್ಕದಲ್ಲಿ ಕೂತಿರ್ಬೇಕು ಅಂದದ್ದು?" ಎಂದ. "ಅದಾದ್ರೂ ನೀವು ಹೇಳಿದ್ರಾ?"

ಲವಾನ್ ವೆಲ್ಮಾಳನ್ನು ನೋಡಿದಳು. ವೆಲ್ಮಾ ಈಗ ಕೊಳವೆಗಳನ್ನು ನೋಡುತ್ತಿರಲಿಲ್ಲ. ಸ್ವೆಟರಿನ ಕೊನೆಯ ಗುಂಡಿಯನ್ನು ಹಿಡಿದುಕೊಂಡು ಲವಾನಳ ಬಾಯನ್ನೇ ನೋಡುತ್ತಿದ್ದಳು. ಅವಳಿಗೆ ಯಾವ ಮರೆವೂ ಇರಲಿಲ್ಲ. ಚರ್ಚಿನ ಬೆಂಚಿನಲ್ಲಿ ಅರವತ್ತು ವರ್ಷ ತಾನು ಹೊತ್ತು ಕೂತಿದ್ದ ಮುಖವದು ಎಂದು ಲವಾನಳಿಗೆ ಕಂಡ ಕೂಡಲೇ ಗುರುತು ಸಿಕ್ಕಿತು.

ಐವರು ಮಕ್ಕಳು, ಕೂಗಿದರೆ ಓಡಿ ಬರಬೇಕೆನ್ನುವ ಗಂಡ. ಇಡೀ ದಿನದಲ್ಲಿ ಆ ಹೆಂಗಸಿಗೆ ಸಿಕ್ಕಿದ್ದು ನಲವತ್ತು ನಿಮಿಷ. ಅದನ್ನೂ ಅವಳು ತನ್ನ ಹೆಸರಿನಲ್ಲಿ ಕೇಳಲು ಧೈರ್ಯವಿಲ್ಲದೆ, ನಾಲ್ಕನೆಯ ಮಹಡಿಯ ಯಾವಳೋ ಅಪರಿಚಿತೆಯ ಹೆಸರಿನಲ್ಲಿ ಕೇಳಿ ಪಡೆದಿದ್ದಳು. ಬಾಗಿಲಲ್ಲಿ ನಿಂತು ಕಾದ ಮಗ ಇಲ್ಲಿ ಮೆಟ್ಟಿಲ ಮೇಲೆ ಕೂತು ಇನ್ನೂ ಕಾಯುತ್ತಿದ್ದ. ಲವಾನಳಿಗೆ ತನ್ನ ನಿರ್ಧಾರ ನೆನಪಿತ್ತು. ಬರುವ ಭಾನುವಾರವೂ ಚರ್ಚಿನಲ್ಲಿ ಹೆಗಲು ಮುಟ್ಟಿಕೊಳ್ಳಬೇಕಾಗುತ್ತದೆ ಎಂಬುದೂ ಗೊತ್ತಿತ್ತು. ಆಗಲಿ ಎಂದುಕೊಂಡಳು.

"ಹೇಳಿದ್ದೆ," ಎಂದಳು. "ಅದು ನಿಜ. ದಿನಾ ಹೇಳ್ತಿದ್ದೆ. ಮಷೀನು ಓಡೋವಾಗ ಎದ್ದು ಹೋಗಬಾರ್ದು, ಯಾರು ಕರೆದ್ರೂ."

ಗೇಲನ್ ಉಸಿರು ಬಿಟ್ಟ. ನನಗೆ ಗೊತ್ತಿತ್ತು ಎಂದು ತನ್ನಷ್ಟಕ್ಕೆ ಎರಡು ಸಲ ಹೇಳಿಕೊಂಡು ಕಣ್ಣೊರೆಸಿಕೊಂಡ. ಆಮೇಲೆ ಅಂಗೈ ತಟ್ಟಿ ಎದ್ದು, ಈಗ ನಿಮ್ಮ ನಿಮ್ಮ ಮುಸುರೆ ತನ್ನಿ, ಸರಿಯಾಗಿರುವ ಯಂತ್ರವನ್ನು ಸರಿಯಾಗಿ ಓಡಿಸೋಣ ಎಂದ. ಜನ ತಟ್ಟೆ ಬಟ್ಟಲು ಹಿಡಿದುಕೊಂಡು ಸಾಲು ನಿಂತರು. ನೀರು ಭೋರ್ಗರೆಯಿತು. ಎಲ್ಲರೂ ಮತ್ತೆ ಕುರ್ಚಿ ಹಿಡಿದರು.

ನಿಂತಿದ್ದವಳು ಲವಾನ್ ಒಬ್ಬಳೇ. ವೆಲ್ಮಾ ಪಕ್ಕದ ಕುರ್ಚಿಯ ಮೇಲಿದ್ದ ಚೀಲವನ್ನು ಎತ್ತಿ ನೆಲದ ಮೇಲಿಟ್ಟಳು.

"ಬಾ, ಕೂತ್ಕೋ," ಎಂದಳು ಮೆಲ್ಲಗೆ. "ಇನ್ನು ನಲವತ್ತು ನಿಮಿಷ ನಮ್ಮನ್ನ ಯಾರೂ ಕರೆಯೋ ಹಾಗಿಲ್ಲ."