ಸೀಲಿಲ್ಲದ ಕಟ್ಟು

ಶಿವಗಣಾರಾಧನೆ ಮುಗಿದು ನೆಂಟರು ಹೊರಟ ಮರುದಿನ ಬೆಳಿಗ್ಗೆ, ಮಧುಗಿರಿಯ ಆ ಮನೆಯ ಜಗಲಿಯಲ್ಲಿ ಇಬ್ಬರು ರೋಗಿಗಳು ಎಂದಿನಂತೆ ಬಂದು ಕೂತಿದ್ದರು. ತನ್ನ ಗಂಡ ಡಾಕ್ಟರ್ ಪ್ರಭುದೇವ ಎದೆನೋವಿನಿಂದ ತೀರಿಕೊಂಡರೆಂದು ಚೈತ್ರ ಹೇಳಿದಳು. ಗೊತ್ತು ಎಂದರು. ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದರು.

ಒಳಗೆ ಚಂದ್ರಶೇಖರಯ್ಯ ಪುಸ್ತಕಗಳ ಪಟ್ಟಿ ಮಾಡುತ್ತಿದ್ದರು. ನಿವೃತ್ತ ಮೇಷ್ಟ್ರು, ಅಪರೂಪದ ಪುಸ್ತಕ ಹುಡುಕಿಕೊಂಡು ಪ್ರಭುದೇವನ ಜೊತೆ ಊರೂರು ಅಲೆದವರು. ಎಲ್ಲವನ್ನೂ ಅವನ ಹೆಸರಿನಲ್ಲಿ ವಿಶ್ವವಿದ್ಯಾಲಯಕ್ಕೆ ಕೊಡಿಸಬೇಕೆಂಬುದು ಅವರ ಆಸೆ. ಪ್ರತಿ ಪುಸ್ತಕದ ಮೊದಲ ಹಾಳೆಯಲ್ಲೂ ಪ್ರಭುದೇವನ ದುಂಡು ಸೀಲಿತ್ತು. ಮೇಜಿನ ಮೇಲಿದ್ದ ಒಂದಕ್ಕೆ ಮಾತ್ರ ಇರಲಿಲ್ಲ.

ಕೆಂಪು ಬಟ್ಟೆಯಲ್ಲಿ ಸುತ್ತಿದ ಕೈಬರಹದ ಕಟ್ಟು. ಕುರಿಗಳ ರೋಗಕ್ಕೆ ಮದ್ದು. ಇಪ್ಪತ್ತೆರಡನೆಯ ಹಾಳೆಯವರೆಗೆ ಪ್ರಭುದೇವ ನಕಲು ಮಾಡಿಕೊಂಡಿದ್ದ. ಅಲ್ಲಿ ಅವನ ಅಕ್ಷರದ ಚೀಟಿ: 'ಯತ್ತಪ್ಪ, ಬರಗೂರು ಹಟ್ಟಿ. ಹಬ್ಬದೊಳಗೆ ವಾಪಸ್.'

"ಇಂಥದ್ದು ಇನ್ನೊಂದಿಲ್ಲ ಕಣಮ್ಮ," ಎಂದರು ಮೇಷ್ಟ್ರು. "ಹಟ್ಟಿಗೆ ಹೋದ್ರೆ ಗೆದ್ದಲ ಬಾಯಿಗೆ. ಅವ್ರೇನೂ ಕೇಳ್ಕೊಂಡ್ ಬಂದಿಲ್ವಲ್ಲ. ಒಂದು ಸೀಲ್ ಒತ್ಬುಡು."

ಚೈತ್ರ ಸೀಲನ್ನು ಇಂಕಿನ ಪ್ಯಾಡಿಗೆ ಒತ್ತಿದಳು. ಓದುವ ಕಾಲದಲ್ಲಿ ಅವನು ಕೊಂಡಿದ್ದ ಹಳೆಯ ಸ್ಟೆತಾಸ್ಕೋಪನ್ನು ಅವನೊಂದಿಗೇ ಮಣ್ಣು ಮಾಡಬೇಕೆಂದು ಮನೆಯೆಲ್ಲ ಹುಡುಕಿಸಿದ್ದಳು. ಸಿಕ್ಕಿರಲಿಲ್ಲ. ಅವನ ಕೈ ಕೊನೆಗೆ ಮುಟ್ಟಿದ್ದು ಈ ಕಟ್ಟನ್ನು. ಹಾಳೆಗೆ ಒತ್ತದೆ, ಇಂಕು ಒಣಗುವವರೆಗೂ ಸೀಲನ್ನು ಹಿಡಿದೇ ಇದ್ದಳು. ಆಮೇಲೆ ಕಟ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಶಿರಾ ಬಸ್ಸು ಹತ್ತಿದಳು.

ಯತ್ತಪ್ಪ ಕುರಿ ಹೊಡೆದುಕೊಂಡು ಹೋಗಿದ್ದ. ಹಟ್ಟಿಯ ಮನೆಯಲ್ಲಿದ್ದವಳು ಅವನ ತಾಯಿ ರಂಗಕ್ಕ. ಸಾವಿನ ಸುದ್ದಿ ಅಲ್ಲಿಗೆ ಮುಟ್ಟಿರಲಿಲ್ಲ, ಚೈತ್ರಳೇ ಹೇಳಬೇಕಾಯಿತು. ಮುದುಕಿ ಒಳಗೆ ಕರೆದು ದೇವರ ಗೂಡು ತೋರಿಸಿದಳು. ಅಲ್ಲಿ ಕುಂಕುಮ ಮೆತ್ತಿದ ಸ್ಟೆತಾಸ್ಕೋಪ್ ಇತ್ತು. ಮೇಲೊಂದು ಬಾಡಿದ ಕಣಗಿಲೆ.

"ಡಾಕ್ಟ್ರು ಗೂಡ್ನಾಗಿದ್ದ ಬುಕ್ಕು ಒಯ್ತೀನಿ ಅಂದ್ರು. ದ್ಯಾವ್ರ ಗೂಡು ಬರಿದಾಗ್ಬಾರ್ದು ಕಣಪ್ಪ ಅಂದೆ. ಕತ್ನಾಗಿದ್ದುದ್ನ ತಗ್ದು ಮಡಿಗ್ಬುಟ್ರು. ದಿನಾ ಅದ್ಕೇ ದೀಪ ಹಚ್ತಿದ್ದೆ. ನಮ್ ದ್ಯಾವ್ರಿಗೇನು ಎದೆನೋವಾ ಅಂತ ನನ್ ಮಗ ನಗ್ತಿದ್ದ."

ರಂಗಕ್ಕ ಅದನ್ನೆತ್ತಿ ಚೈತ್ರಳ ಎರಡೂ ಕೈಯಲ್ಲಿಟ್ಟಳು. "ಬುಕ್ಕ ಗೂಡ್ನಾಗೆ ನೀನೇ ಮಡಿಗವ್ವ."

ಗೂಡಿನ ಅರಿಶಿನದ ಪುಡಿಯಲ್ಲಿ ದುಂಡನೆಯ ಅಚ್ಚೊಂದು ಉಳಿದಿತ್ತು. ಚೈತ್ರ ಕಟ್ಟನ್ನು ಅದರ ಮೇಲಿಟ್ಟಳು.