ಪಕ್ಕದ ಬೀದಿಗೂ ಕಾಣದ ಅಂಗಡಿ

ಹೊಲಿಗೆ ಯಂತ್ರ ರಿಪೇರಿ ಮಾಡುವವನನ್ನು ಬೀದಿಯವರೆಲ್ಲ ಮಿಷನ್ ಮಾವ ಅಂತಲೇ ಕರೆಯುತ್ತಿದ್ದರು. ಅವನ ಕೈಗುಣ ಒಳ್ಳೆಯದು. ಆದರೆ ಈಚೆಗೆ ಗಿರಾಕಿಗಳೇ ಇಲ್ಲ. ಬಾಗಿಲು ತೆಗೆದು, ಎಣ್ಣೆ ಡಬ್ಬಿ ಒರೆಸಿಟ್ಟು, ಸಂಜೆಯವರೆಗೆ ನೊಣ ಹೊಡೆಯುತ್ತಾ ಕೂರುವುದೇ ಆಯಿತು. ಈ ತಿಂಗಳು ಮುಗಿದರೆ ಅಂಗಡಿ ಬಿಟ್ಟುಕೊಡುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದ. ಪಾಪ, ಅದನ್ನು ಮನೆಯಲ್ಲಿ ಹೇಳಲು ಅವನಿಗೆ ಬಾಯಿ ಬಂದಿರಲಿಲ್ಲ.

ಅಂಗಡಿಯ ವಿವರವನ್ನು ಇಂಟರ್ನೆಟ್‌ನಲ್ಲಿ ಸರಿಯಾಗಿ ಹಾಕೋಣ ಎಂದು ಸೊಸೆ ಹೇಳಿದಾಗಲೆಲ್ಲ ಮೂಗು ಮುರಿಯುತ್ತಿದ್ದ. ಹೋದ ವರ್ಷವೇ ಹಾಕಿದ್ದೇನಲ್ಲ ಅನ್ನುತ್ತಿದ್ದ. ಹಾಕಿದ್ದು ನಿಜ. ಏನು ಹಾಕಿದ್ದ ಮಹಾರಾಯ? ತೀರಿಹೋದ ಅಪ್ಪನ ಫೋಟೊ, ಅದರ ಕೆಳಗೆ ‘ಅಪ್ಪ ಮತ್ತು ಮಗ’ ಎಂಬ ಅಂಗಡಿಯ ಹೆಸರು. ಹೊಲಿಗೆ ಯಂತ್ರ ಅಂತಲೂ ಇಲ್ಲ, ರಿಪೇರಿ ಅಂತಲೂ ಇಲ್ಲ.

ಒಂದು ಮಧ್ಯಾಹ್ನ ಹಿಂದಿನ ಬೀದಿಗೆ ಹೊಸದಾಗಿ ಬಂದಿದ್ದ ದರ್ಜಿ ಅಕ್ಕ, ಅಂಗಡಿಯಲ್ಲಿದ್ದ ಸೊಸೆಯ ಬಟ್ಟೆಯ ಅಳತೆ ತೆಗೆದುಕೊಳ್ಳಲು ಬಂದಳು. ಬಿಚ್ಚಿಟ್ಟ ಯಂತ್ರಗಳನ್ನು ಕಂಡು ನಿಂತೇಬಿಟ್ಟಳು. ಮದುವೆ ಬಟ್ಟೆ ಹೊಲಿಯುವಾಗ ಅವಳ ಯಂತ್ರ ಕೆಟ್ಟಿತ್ತಂತೆ. ಅದನ್ನು ಊರಿನ ಆ ತುದಿಗೆ ಹೊತ್ತುಕೊಂಡು ಹೋಗಿ, ಅದು ರಿಪೇರಿಯಾಗಿ ವಾಪಸ್ ಬರುವಷ್ಟರಲ್ಲಿ ಮದುವೆ ಮುಗಿದು ಗಿರಾಕಿಯೂ ಕೈತಪ್ಪಿದ್ದಳು.

"ಫೋನಲ್ಲಿ ಹುಡುಕಿದಾಗ ನಾನು ಸಿಗ್ಲಿಲ್ವೇನಮ್ಮ?" ಎಂದ ಮಾವ.

"ಮೊದಲನೇ ಪುಟದಲ್ಲಿ ಇದ್ದೋರಿಗೆ ಫೋನ್ ಮಾಡ್ದೆ ಅಣ್ಣ. ಕೆಲಸ ನಿಂತು ಕೂತಿರೋವಾಗ ಮುಂದಿನ ಪುಟ ಯಾರು ನೋಡ್ತಾರೆ?"

ಮಾವನ ಮುಖ ಸಪ್ಪಗಾಯಿತು. ಆದರೂ ಬಿಡಲಿಲ್ಲ. ಕೆಲಸ ಚೆನ್ನಾಗಿದ್ದರೆ ಜನ ಹುಡುಕಿಕೊಂಡು ಬರುತ್ತಾರೆ ಎಂದು ಗೊಣಗಿದ.

"ಮಾವ, ಹಲ್ಲುನೋವು ಬಂದಾಗ ನೀವು ಎಷ್ಟು ಪುಟ ನೋಡಿದ್ರಿ?" ಎಂದಳು ಸೊಸೆ.

ಕೆನ್ನೆ ಹಿಡಿದುಕೊಂಡು, ಮೊದಲ ಪುಟದ ಮೇಲೆಯೇ ಕಂಡ ಡಾಕ್ಟರಿಗೆ ಫೋನ್ ಮಾಡಿದ್ದು ಮಾವನಿಗೆ ನೆನಪಾಯಿತು. ತನ್ನ ಫೋನನ್ನು ಸೊಸೆಯ ಕೈಗಿಟ್ಟು, "ಅಪ್ಪನ ಫೋಟೊ ಮಾತ್ರ ತೆಗೀಬೇಡಮ್ಮ" ಅಂದ.

ಫೋಟೊ ಉಳಿಯಿತು. ಅದರ ಜೊತೆಗೆ ‘ಹೊಲಿಗೆ ಯಂತ್ರ ರಿಪೇರಿ’ ಎಂದು ಸೊಸೆ ಬರೆದಳು. ವಿಳಾಸ, ಫೋನ್ ನಂಬರ್, ಬಾಗಿಲು ತೆರೆಯುವ ಹೊತ್ತು, ಕೆಲಸದ ಚಿತ್ರಗಳು ಸೇರಿದವು. ಹಳೆಯ ಗಿರಾಕಿಗಳು ತಮ್ಮ ಅನುಭವ ಬರೆದರು. ಸುಳ್ಳು ಹೊಗಳಿಕೆ ಬರೆಸಿಕೊಡುತ್ತೇನೆಂದು ಬಂದವನನ್ನು ಮಾವನೇ ಸಾಗಹಾಕಿದ. ರಾತ್ರೋರಾತ್ರಿ ಏನೂ ಆಗಲಿಲ್ಲ. ಅಂಗಡಿಯನ್ನು ಇನ್ನೊಂದು ತಿಂಗಳು ಇಟ್ಟುಕೊಂಡ. ಅಂಗಡಿಯ ಹೆಸರು ನಿಧಾನವಾಗಿ ಮೇಲೇರಿ ಮೊದಲ ಪುಟಕ್ಕೆ ಬಂತು.

ಒಂದು ಬೆಳಗ್ಗೆ ಫೋನ್ ಬಂತು. ಗುರುತಿಲ್ಲದ ದನಿ. ಯಂತ್ರ ತರಲು ಎಷ್ಟು ದೂರದಿಂದ ಬರಬೇಕು ಎಂದು ಮಾವ ವಿಚಾರಿಸಿದ.

"ದೂರ ಏನಿಲ್ಲ, ನಿಮ್ಮ ಪಕ್ಕದ ಬೀದಿನೇ. ಇಷ್ಟು ದಿನ ನೀವಿದ್ದೀರಿ ಅಂತಾನೇ ಗೊತ್ತಿರ್ಲಿಲ್ಲ."

ಅಂಗಡಿ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಹೆಸರನ್ನಲ್ಲ, ನಿಮ್ಮ ಕೆಲಸವನ್ನು ಗಿರಾಕಿಯ ಮಾತಿನಲ್ಲೇ ಇವತ್ತೇ ಫೋನಿನಲ್ಲಿ ಹುಡುಕಿ ನೋಡಿ. ಮೊದಲ ಪುಟದಲ್ಲಿ ನೀವಿಲ್ಲದಿದ್ದರೆ, ನಿಮ್ಮನ್ನು ಹುಡುಕುತ್ತಿರುವವರು ಈಗಲೇ ನಿಮ್ಮ ಬಾಗಿಲು ದಾಟಿ ಹೋಗುತ್ತಿರಬಹುದು.