ನಾಲ್ಕು ಬೆರಳಿನ ಜಾಗ

"ನೆಟ್ಟಗೆ ಕೂತ್ಕೊಳ್ಳಿ ರಾಯರೆ," ಎಂದ ಭೋಜರಾಜ, ವಿಷ್ಣುಮೂರ್ತಿಯವರ ನೆತ್ತಿಯ ಮೇಲೆ ಮರದ ಪಟ್ಟಿಯೊಂದನ್ನು ಅಡ್ಡ ಹಿಡಿದು. "ಹೀಗೆ ಕುಗ್ಗಿ ಕೂತ್ರೆ ನನ್ನ ಅಳತೆ ತಪ್ಪುದಿಲ್ವಾ?"

ತಾನೇನೂ ಕುಗ್ಗಿಲ್ಲವೆಂದು ವಿಷ್ಣುಮೂರ್ತಿ ವಾದಿಸಿದರು. ಅರವತ್ತಾರು ವರ್ಷದ, ಆರಡಿ ಎರಡಂಗುಲದ ಮನುಷ್ಯ ತಮ್ಮದೇ ಪಿಕಪ್ಪಿನ ಸೀಟಿನಲ್ಲಿ ಯಾರಿಗೂ ತಿಳಿಯದ ಹಾಗೆ ಬೆನ್ನು ಬಗ್ಗಿಸಿಕೊಂಡು ಕೂತಿದ್ದರು. ಬಾಗಿಲ ಬಳಿ ನಿಂತಿದ್ದ ಮಗಳು ವೀಕ್ಷಾ ಅದನ್ನು ನೋಡಿಯೂ ನೋಡದವಳಂತೆ ಗ್ಯಾರೇಜಿನ ತಗಡಿನ ಕಡೆ ಮುಖ ಮಾಡಿದಳು.

ಈ ಪಜೀತಿಗೆಲ್ಲ ಮೂಲ ರಸ್ತೆ. ಚೆನ್ನೈಯ ಕೋಡಂಬಾಕ್ಕಂನ ಅವರ ಹೋಟೆಲಿನ ಮುಂದೆ ಹಳೇ ಡಾಂಬರನ್ನು ಕೀಳದೆ ಅದರ ಮೇಲೆಯೇ ಹೊಸದನ್ನು ಬಳಿದು ಬಳಿದು ಬೀದಿ ಮೇಲೆದ್ದಿತ್ತು, ಹೋಟೆಲು ತಗ್ಗಿಗೆ ಬಿದ್ದಿತ್ತು. ಪ್ರತಿ ಮಳೆಗೂ ನೀರು ಒಳಗೆ. ಹೋದ ವರ್ಷ ಬೇರೆ ದಾರಿ ಕಾಣದೆ ಹಿಂದಿನ ಶೆಡ್ಡಿನ ನೆಲವನ್ನು ಒಂದಡಿ ಎತ್ತರಿಸಿದರು. ನೀರು ಬರುವುದು ನಿಂತಿತು, ಪಿಕಪ್ಪು ಹೋಗುವುದೂ ನಿಂತಿತು. ಗಾಡಿಯ ಮಾಡು, ಅದೇ ಅದರ ಚಾವಣಿ, ಶೆಡ್ಡಿನ ಬಾಗಿಲ ಮೇಲಿನ ಕಾಂಕ್ರೀಟ್ ತೊಲೆಗೆ ಮೂರಂಗುಲ ತಾಗುತ್ತಿತ್ತು. ಟಯರಿನ ಗಾಳಿ ಇಳಿಸಿ ನೋಡಿದ್ದಾಯಿತು, ಚಿಕ್ಕ ಚಕ್ರ ಹಾಕಿ ನೋಡಿದ್ದಾಯಿತು. ತೊಲೆ ಒಡೆಯೋಣವೆಂದರೆ ಎರಡು ಮಹಡಿ ಅದರ ಮೇಲೆ ಕೂತಿದ್ದವು. ಬೀದಿಯಲ್ಲಿ ನಿಲ್ಲಿಸಿದರೆ, ವಾರಸುದಾರರಿಲ್ಲದ ಹಳೇ ಗಾಡಿಯೆಂದು ಎಳೆದೊಯ್ಯುವುದಾಗಿ ಗಾಜಿಗೆ ಯಾರೋ ಚೀಟಿ ಅಂಟಿಸಿ ಹೋದರು. ಆ ದಿನ ವಿಷ್ಣುಮೂರ್ತಿ ಊಟ ಮಾಡಲಿಲ್ಲ.

ಸಿನಿಮಾ ಸ್ಟುಡಿಯೋ ಒಂದು ಮುಚ್ಚಿದಾಗ, ಲೈಟು ಸಾಗಿಸುತ್ತಿದ್ದ ಈ ಗಾಡಿಯನ್ನು ಕೊಂಡವರು ಅವರ ಅಪ್ಪ. ಅಪ್ಪನ ನಂತರ ಇಪ್ಪತ್ತೆಂಟು ವರ್ಷ, ದಿನಾ ಬೆಳಗಿನ ಜಾವ, ಕೋಯಂಬೇಡು ತರಕಾರಿ ಮಾರ್ಕೆಟಿಗೆ ಅದನ್ನು ಓಡಿಸಿದವರು ಇವರು. ಗಾಡಿಯಲ್ಲಿಲ್ಲದ ಹೊತ್ತೆಲ್ಲ ಅದರ ಕೀ ಅವರ ಜನಿವಾರದಲ್ಲಿ ಒಂದು ಪಿನ್ನಿಗೆ ತೂಗುತ್ತಿತ್ತು. ಹೋಟೆಲಿನ ಅಡುಗೆಮನೆಯನ್ನು ಎರಡು ವರ್ಷದಿಂದ ವೀಕ್ಷಾ ನೋಡಿಕೊಳ್ಳುತ್ತಿದ್ದಳು. ತರಕಾರಿ ತರಲೂ ತಾನೇ ಹೋಗುತ್ತೇನೆಂದು ಎರಡು ಸಲ ಕೀ ಕೇಳಿದ್ದಳು. ಆ ಹೊತ್ತಿನಲ್ಲಿ ಆ ಜನದ ಮಧ್ಯೆ ನೀನು ಬೇಡ ಎಂದಿದ್ದರು. ನಿಜವಾದ ಕಾರಣ ಅದಲ್ಲವೆಂದು ಅವರಿಗೇ ಗೊತ್ತಿತ್ತು. ಕೀ ಕೊಟ್ಟುಬಿಟ್ಟರೆ ಮೂರೂವರೆಗೆ ಏಳಲು ತನಗೇನು ಕೆಲಸ ಎಂಬ ಹೆದರಿಕೆ ಅವರದು.

ಮಾಡನ್ನೇ ತಗ್ಗಿಸುವ ಉಪಾಯವೂ ಅವಳದೇ. ಪರದೇಶಗಳಲ್ಲಿ ಹಳೇ ಪಿಕಪ್ಪುಗಳನ್ನು ಚೆಂದಕ್ಕಾಗಿಯೇ ಹೀಗೆ ಕತ್ತರಿಸಿ ಗಿಡ್ಡ ಮಾಡುತ್ತಾರೆಂದು ಮೊಬೈಲಿನಲ್ಲಿ ತೋರಿಸಿದ್ದಳು. ಕಾಗದಪತ್ರಕ್ಕೂ ಅವಳೇ ಓಡಾಡಿದಳು. ಅಲ್ಲೇ ಗಿಂಡಿ ಎಂಬ ಬಡಾವಣೆಯಲ್ಲಿ ಗಾಡಿಗಳಿಗೆ ಟಿಂಕರಿಂಗ್ ಮಾಡುವ ಭೋಜರಾಜ ಕಾರ್ಕಳ ಕಡೆಯವನು, ಒಳ್ಳೆ ಕೆಲಸಗಾರ. ನಾಲ್ಕು ಮೂಲೆಯ ಕಂಬಗಳನ್ನೂ ನಾಲ್ಕಂಗುಲ ಕತ್ತರಿಸಿ, ಮಾಡನ್ನು ಇಳಿಸಿ ಬೆಸೆದು, ಗಾಜನ್ನೂ ಅಷ್ಟೇ ಕುಯ್ದರಾಯಿತು ಎಂದಿದ್ದ. ಆದರೆ ಅವನದೊಂದು ಪದ್ಧತಿ. ಗಾಡಿ ಓಡಿಸುವವರನ್ನು ಸೀಟಿನಲ್ಲಿ ಕೂರಿಸಿ ಅಳೆಯದೆ ಗರಗಸ ಮುಟ್ಟುವುದಿಲ್ಲ. ಮಾಡು ಇಳಿದ ಮೇಲೂ ನೆತ್ತಿಯ ಮೇಲೆ ನಾಲ್ಕು ಬೆರಳು ಜಾಗ ಇರಲೇಬೇಕು.

ಮಾಡು ಎಲ್ಲಿಗೆ ಇಳಿಯುತ್ತದೆಂದು ಕಂಬದ ಮೇಲೆ ಸೀಮೆಸುಣ್ಣದ ಗೆರೆಯಿತ್ತು. ಭೋಜರಾಜ ಒಂದು ಕೈಯನ್ನು ಅವರ ಬೆನ್ನಿಗೆ ಕೊಟ್ಟು ಮೆಲ್ಲಗೆ ನೆಟ್ಟಗಾಗಿಸಿದ. ಪಟ್ಟಿ ಮೇಲೇರಿ ಗೆರೆಯನ್ನು ಮುಟ್ಟಿತು. ಒಂದು ಬೆರಳೂ ಉಳಿಯಲಿಲ್ಲ.

"ಕಡಿಮೆ ಇಳಿಸಿದ್ರೆ ಗಾಡಿ ಶೆಡ್ಡಿಗೆ ಹೋಗುದಿಲ್ಲ. ಇಷ್ಟು ಇಳಿಸಿದ್ರೆ ನಿಮ್ಗೆ ಕೂತ್ಕೊಳ್ಳಿಕ್ಕೆ ಆಗುದಿಲ್ಲ. ಎಂತ ಮಾಡುವ?"

ಸೀಟು ತಗ್ಗಿಸಲು ಬರುವುದಿಲ್ಲವೇ ಎಂದು ವಿಷ್ಣುಮೂರ್ತಿ ಕೇಳಿದರು. ಸೀಟಿನ ಕೆಳಗೇ ಪೆಟ್ರೋಲ್ ಟ್ಯಾಂಕು. ಅದು ಅವರಿಗೂ ಗೊತ್ತಿದ್ದದ್ದೇ.

"ವೇಂಡಾಂಪ್ಪಾ," ಎಂದಳು ವೀಕ್ಷಾ. "ಬೇಡ, ಬಿಡಿ. ಬೇರೆ ಎಲ್ಲಾದ್ರೂ ಶೆಡ್ ನೋಡುವ."

ಕೋಡಂಬಾಕ್ಕಂನಲ್ಲಿ ಬೇರೆ ಶೆಡ್ಡು ಎಲ್ಲಿ ಸಿಗುತ್ತದೆ? ಆರು ತಿಂಗಳು ಹುಡುಕಿದವಳು ಅವಳೇ. ಆದರೂ ಅಪ್ಪನಿಗಾಗಿ ತನ್ನ ಉಪಾಯವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟಳು. ತಾನು ಎರಡು ವರ್ಷ ಕೀ ಬಿಟ್ಟುಕೊಡದೆ ಕೂತದ್ದು ನೆನಪಾಗಿ ವಿಷ್ಣುಮೂರ್ತಿಗೆ ನಾಚಿಕೆಯಾಯಿತು. ಸ್ಟೀರಿಂಗನ್ನು ಒಮ್ಮೆ ಅಂಗೈಯಿಂದ ಒರೆಸಿದರು. ಆಮೇಲೆ ಇಳಿದರು.

"ನೀನು ಕೂತ್ಕೋ," ಎಂದರು. ಅವಳು ಅಲುಗಲಿಲ್ಲ. ಅವರು ಭೋಜರಾಜನ ಕಡೆ ತಿರುಗಿದರು. "ಇವಳ ತಲೆ ನೋಡಿ ಅಳತೆ ತಗೊಳ್ಳಿ. ಇನ್ನು ಓಡಿಸುದು ಇವಳು."

ತಾಯಿ ಸೀತಾಳ ಹಾಗೆ ಗಿಡ್ಡ ಮೈಯ ಹುಡುಗಿ, ಯಾರೂ ಹೇಳದೆಯೇ ನೆಟ್ಟಗೆ ಕೂತಳು. ನಾಲ್ಕು ಬೆರಳೇನು, ಗೆರೆಯ ಕೆಳಗೆ ಆರು ಬೆರಳಿನಷ್ಟು ಜಾಗವಿತ್ತು. ವಿಷ್ಣುಮೂರ್ತಿ ಅಂಗಿಯೊಳಗೆ ಕೈಹಾಕಿ ಪಿನ್ನು ಬಿಚ್ಚಿದರು. ಮೈಬಿಸಿಯಿದ್ದ ಕೀಯನ್ನು ಕೊಟ್ಟಾಗ ಎಲ್ಲಿ ಇಟ್ಟುಕೊಳ್ಳಬೇಕೆಂದು ತೋಚದೆ ವೀಕ್ಷಾ ಅದನ್ನು ಮುಷ್ಟಿಯಲ್ಲೇ ಹಿಡಿದುಕೊಂಡಳು.

ಮೂರು ವಾರಕ್ಕೆ ಗಾಡಿ ಬಂತು. ಹುಬ್ಬಿನವರೆಗೆ ಟೊಪ್ಪಿ ಎಳೆದುಕೊಂಡವರ ಹಾಗೆ ಕಾಣುತ್ತಿತ್ತು, ಆದರೆ ತೊಲೆಯ ಕೆಳಗೆ ಸಲೀಸಾಗಿ ನುಗ್ಗಿ ಶೆಡ್ಡು ಸೇರಿತು. ಆ ರಾತ್ರಿ ವಿಷ್ಣುಮೂರ್ತಿ ಅಲಾರಂ ಇಡಲಿಲ್ಲ. ಮೂರೂವರೆಗೆ ಎಚ್ಚರವಾಗಿಯೇ ಆಯಿತು. ಕೈ ಎದೆಗೆ ಹೋಯಿತು, ಬರೀ ದಾರ ಸಿಕ್ಕಿತು. ಕಣ್ಣು ಮುಚ್ಚಿಕೊಂಡು ಮಲಗಿದರು. ಬಾಗಿಲ ಹೊರಗೆ ಚಪ್ಪಲಿಯ ಸದ್ದಾಯಿತು.

"ಅಪ್ಪ, ಏಳಿ. ಬದನೆಕಾಯಿ ಆರಿಸ್ಲಿಕ್ಕೆ ನಂಗೆ ಬರುದಿಲ್ಲ."

ಅವರು ಲಗುಬಗೆಯಿಂದ ಅಂಗಿ ತೊಟ್ಟು ಶೆಡ್ಡಿಗೆ ಬಂದರು. ಪಕ್ಕದ ಸೀಟಿನಲ್ಲಿ ಕೂರಲು ಹೋಗಿ ತಲೆ ಬಡಿಸಿಕೊಂಡರು. ಹಿಂದೆ ಕೂರುತ್ತೇನೆ, ನೀನು ನಡಿ ಎಂದು ತೆರೆದ ತೊಟ್ಟಿಗೆ ಹತ್ತಿ, ಖಾಲಿ ಗೋಣಿಗಳ ಮೇಲೆ ಕಾಲು ಚಾಚಿ ಕೂತರು. ಇಂಜಿನ್ ಒಂದು ಸಲ ಕೆಮ್ಮಿ ಹಿಡಿದುಕೊಂಡಿತು.

ಗಾಡಿ ಹೊರಟಿತು. ಮಗಳ ತಲೆ ಮಾಡಿನ ಕೆಳಗೆ, ಮಾಡು ತೊಲೆಯ ಕೆಳಗೆ ದಾಟಿದವು. ಹಿಂದೆ ಕೂತಿದ್ದ ವಿಷ್ಣುಮೂರ್ತಿ, ತೊಲೆಗೆ ಇನ್ನೂ ಒಂದು ಗೇಣು ಅಂತರವಿದ್ದರೂ, ತಲೆ ತಗ್ಗಿಸಿದರು.